‘ಚೆನ್ನಾಗಿದೆ’ ಅಂದರೆ ಸಾಲದು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ)



ನಾನು 1996ರಲ್ಲಿ ಇಲ್ಲಿಂದ ಎಸ್ಸೆಸ್ಸೆಲ್ಸಿ ಮುಗಿಸಿಕೊಂಡು ಹೋದವನು. ಈಗ ಬೆಂಗಳೂರಿನಲ್ಲಿ ವೆಬ್‌ಸೈಟುಗಳ ವಿನ್ಯಾಸ ಮಾಡುತ್ತೇನೆ. ನಮ್ಮಪ್ಪ ಕೊನೆಯವರೆಗೂ ಯಾರಾದರೂ ಕೇಳಿದರೆ ‘ಕಂಪ್ಯೂಟರಲ್ಲಿ ಏನೋ ಬರೀತಾನೆ’ ಅಂತಲೇ ಹೇಳುತ್ತಿದ್ದರು. ಅದರಲ್ಲಿ ತಪ್ಪೇನೂ ಇಲ್ಲ. ಮಹೋತ್ಸವ ಸಮಿತಿಯವರು ಫೋನ್ ಮಾಡಿ, ‘ಶಾಲೆಗೆ ಒಂದು ವೆಬ್‌ಸೈಟ್ ಮಾಡಿಕೊಡಪ್ಪಾ’ ಎಂದಾಗ ಎರಡು ದಿನದ ಕೆಲಸ ಅಂದುಕೊಂಡೆ. ಆಮೇಲೆ ಯೋಚನೆ ಬಂತು. ಈ ಶಾಲೆಗೆ ಈಗ ದಿನಾ ಬರುವವರು ಮಕ್ಕಳು, ಮೇಷ್ಟ್ರು. ನಾನು ಬಿಟ್ಟು ಹೋಗಿ ಎಷ್ಟು ವರ್ಷವಾಯಿತು! ಸೈಟು ಹೇಗಿರಬೇಕು ಅನ್ನುವುದನ್ನು ಒಂಬತ್ತನೇ ತರಗತಿಯ ಮಕ್ಕಳು ಹೇಳಲಿ, ಕಟ್ಟುವ ಕೂಲಿ ಕೆಲಸ ನಾನು ಮಾಡುತ್ತೇನೆ ಅಂದೆ. ನಾಲ್ಕು ಶನಿವಾರ ಬೆಳಗಿನ ಶಾಲೆಯ ಕೊನೆಯ ಎರಡು ಪಿರಿಯಡ್ ಕೊಟ್ಟರು. ಆ ನಾಲ್ಕು ಶನಿವಾರ ಏನಾಯಿತು ಅನ್ನುವುದೇ ಇವತ್ತಿನ ನನ್ನ ಮಾತು. ವೆಬ್‌ಸೈಟಿನ ಬಗ್ಗೆ ಸ್ವಲ್ಪ, ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಿ ಅಭಿಪ್ರಾಯ ಹೇಳುವುದರ ಬಗ್ಗೆ ಜಾಸ್ತಿ.

ಮಕ್ಕಳನ್ನು ಆರು ಗುಂಪು ಮಾಡಿದೆವು. ಕಂಪ್ಯೂಟರ್ ಮುಟ್ಟಲಿಲ್ಲ. ಡ್ರಾಯಿಂಗ್ ಶೀಟು, ಪೆನ್ಸಿಲ್, ರಬ್ಬರ್ ಅಷ್ಟೆ. ಅದಕ್ಕೆ ಕಾರಣವಿದೆ. ಕಂಪ್ಯೂಟರಿನಲ್ಲಿ ಬಣ್ಣ ಹಾಕಿ, ಫೋಟೋ ಇಟ್ಟು ತೋರಿಸಿದರೆ ಅರ್ಧ ಯೋಚನೆ ಮಾಡಿದ್ದೂ ಮುಗಿದ ಕೆಲಸದ ಹಾಗೆ ಕಾಣುತ್ತದೆ. ನೋಡುವವನಿಗೆ ‘ಇದು ಸರಿಯಿಲ್ಲ’ ಅನ್ನಲು ಸಂಕೋಚ, ಮಾಡಿದವನಿಗೆ ಬದಲಾಯಿಸಲು ಹೊಟ್ಟೆಯುರಿ. ಪೆನ್ಸಿಲ್ ಗೆರೆಗೆ ಆ ಜಂಭ ಇಲ್ಲ. ನಮ್ಮ ಆಫೀಸುಗಳಲ್ಲೂ ಮೊದಲು ಕಾಗದದ ಮೇಲೇ ಗೀಚುತ್ತೇವೆ.

ಮೊದಲ ಶನಿವಾರ ಆರೂ ಶೀಟುಗಳನ್ನು ಕರಿಹಲಗೆಯ ಮೇಲೆ ಅಂಟಿಸಿ, ‘ಬೇರೆ ಗುಂಪಿನವರು ಏನು ಹೇಳ್ತೀರಿ?’ ಎಂದು ಕೇಳಿದೆ. ಮುಂದಿನ ಬೆಂಚುಗಳಿಂದ ‘ಸೂಪರ್ ಸಾರ್’, ‘ಚೆನ್ನಾಗಿದೆ ಸಾರ್’. ಹಿಂದಿನ ಬೆಂಚಿನಿಂದ ಒಂದು ದನಿ: ‘ಸಾರ್, ಅದು ಕೋಳಿ ಕೆದರಿದಂಗೈತೆ.’ ಕ್ಲಾಸೆಲ್ಲ ನಕ್ಕಿತು. ಆ ಶೀಟು ಬರೆದ ಹುಡುಗಿ ತಲೆ ತಗ್ಗಿಸಿಕೊಂಡಳು. ಆ ದಿನ ಆಕೆ ಮತ್ತೆ ಬಾಯಿ ಬಿಡಲಿಲ್ಲ.

ಆ ನಗು ಕೇಳಿ ನನಗೆ ಇದೇ ಕೊಠಡಿಯ ಇನ್ನೊಂದು ದಿನ ನೆನಪಾಯಿತು. ನಾವು ಒಂಬತ್ತನೇ ತರಗತಿಯಲ್ಲಿದ್ದಾಗ ಗೋಡೆಪತ್ರಿಕೆ ತರುತ್ತಿದ್ದೆವು. ನನ್ನ ಕೈಬರಹ ದುಂಡಗಿತ್ತು ಅಂತ ನಾನೇ ಸಂಪಾದಕ. ನನ್ನ ಗೆಳೆಯನೊಬ್ಬ ದಸರಾ ಸಂಚಿಕೆಗೆ ಅಂಬಾರಿ ಹೊತ್ತ ಆನೆ ಬರೆದು ತಂದ. ನಾಲ್ಕು ದಿನ ಲಾಟೀನು ಇಟ್ಟುಕೊಂಡು ಬರೆದಿದ್ದನಂತೆ. ನಾನು ಅದನ್ನು ಎಲ್ಲರೆದುರು ಎತ್ತಿ ಹಿಡಿದು, ‘ಇದು ಆನೆಯೋ, ಎಮ್ಮೆಯೋ?’ ಅಂದೆ. ಎಲ್ಲರೂ ನಕ್ಕರು. ಸಂಪಾದಕನಿಗೆ ಖುಷಿಯೋ ಖುಷಿ. ಚಿತ್ರದಲ್ಲಿ ಇದ್ದ ತಪ್ಪು ಒಂದೇ, ಸೊಂಡಿಲು ಗಿಡ್ಡವಾಗಿತ್ತು. ‘ಸೊಂಡಿಲು ನೆಲ ಮುಟ್ಟೋಷ್ಟು ಉದ್ದ ಮಾಡೋ’ ಎಂದಿದ್ದರೆ ಹತ್ತು ನಿಮಿಷದಲ್ಲಿ ಸರಿಮಾಡಿ ಕೊಡುತ್ತಿದ್ದ. ಅವನು ಆಮೇಲೆ ಗೋಡೆಪತ್ರಿಕೆಗೆ ಒಂದು ಗೆರೆಯನ್ನೂ ಎಳೆಯಲಿಲ್ಲ. ಅವನು ಇವತ್ತು ಇಲ್ಲೇ ಕೂತಿದ್ದಾನೆ. ಈ ವಿಷಯ ಹೇಳಲೇ ಎಂದು ಹೋದ ತಿಂಗಳು ಅವನನ್ನು ಕೇಳಿದೆ. ‘ಹೇಳು. ಅಂತೂ ನಿನಗೆ ಈಗ ನೆನಪಾಯ್ತಲ್ಲ’ ಅಂದ. ಬೇರೇನೂ ಅನ್ನಲಿಲ್ಲ.

ನಾನು ಎರಡನೇ ಶನಿವಾರಕ್ಕೆ ತಯಾರಿ ಮಾಡಿಕೊಂಡು ಬಂದೆ. ಮೇಷ್ಟ್ರಿಗೆ ಹೇಳಿ ಒಂದು ಚಿಕ್ಕ ವಿಡಿಯೋ ತೋರಿಸಿದೆವು. ಅಮೆರಿಕದ ರಾನ್ ಬರ್ಗರ್ ಎಂಬ ಶಿಕ್ಷಕರು ಮಕ್ಕಳಿಗೆ ಕೆಲವು ಚಿತ್ರಗಳನ್ನು ತೋರಿಸುತ್ತಾರೆ. ‘ಆಸ್ಟಿನ್ಸ್ ಬಟರ್‌ಫ್ಲೈ’ ಎಂದು ಅದಕ್ಕೆ ಹೆಸರು. ಒಂದನೇ ತರಗತಿಯ ಹುಡುಗನೊಬ್ಬ ಫೋಟೋ ನೋಡಿಕೊಂಡು ಚಿಟ್ಟೆ ಬರೆಯಬೇಕು. ಮೊದಲು ಬರೆದದ್ದು ನಮ್ಮ ನಿಮ್ಮ ಮಕ್ಕಳು ಬರೆಯುವಂಥದ್ದೇ, ದುಂಡು ದುಂಡು ರೆಕ್ಕೆ. ಸಹಪಾಠಿಗಳು ಚಿಟ್ಟೆಯ ಫೋಟೋ ಪಕ್ಕದಲ್ಲಿಟ್ಟುಕೊಂಡು, ಇಲ್ಲಿ ರೆಕ್ಕೆಯ ತುದಿ ಚೂಪು, ಇಲ್ಲಿ ಎರಡು ಬಾಲ ಇವೆ ಎಂದು ಹೇಳುತ್ತಾ ಹೋದರು. ಮೊದಲು ಆಕಾರದ ಬಗ್ಗೆ ಮಾತ್ರ, ಆಮೇಲೆ ರೆಕ್ಕೆಯೊಳಗಿನ ಪಟ್ಟೆಗಳ ಬಗ್ಗೆ. ಹುಡುಗ ಮತ್ತೆ ಮತ್ತೆ ಬರೆದ. ಕೊನೆಯ ಚಿತ್ರ ನೋಡಿದರೆ ಅದೇ ಮಗುವಿನ ಕೈ ಎಂದು ನಂಬುವುದು ಕಷ್ಟ. ನಮ್ಮ ಮಕ್ಕಳು ಕೊನೆಯ ಚಿತ್ರ ಬಂದಾಗ ‘ಹಾ!’ ಎಂದು ಬಾಯಿ ತೆರೆದರು. ಬರ್ಗರ್ ಅವರು ಹೇಳುವುದು ಮೂರು ಗುಣ: ಮಾತು ಮೃದುವಾಗಿರಬೇಕು, ನಿಖರವಾಗಿರಬೇಕು, ಕೆಲಸಕ್ಕೆ ಬರುವಂತಿರಬೇಕು. ನನ್ನ ಆನೆ-ಎಮ್ಮೆ ಮಾತಿನಲ್ಲಿ ಈ ಮೂರೂ ಇರಲಿಲ್ಲ. ‘ಸೂಪರ್ ಸಾರ್’ನಲ್ಲಿ ಮೊದಲನೆಯದೊಂದು ಇದೆ, ಉಳಿದೆರಡು ಇಲ್ಲ.

ಇದು ಅಮೆರಿಕದಿಂದಲೇ ಬರಬೇಕಾದ ವಿದ್ಯೆಯೇನಲ್ಲ. ನಮ್ಮೂರ ನಾಟಕದ ತಾಲೀಮು ನೋಡಿದವರಿಗೆ ಇದು ಗೊತ್ತು. ಹಬ್ಬಕ್ಕೆ ಮುಂಚೆ ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆಯುತ್ತಿತ್ತಲ್ಲ, ಹಾರ್ಮೋನಿಯಂ ಮೇಷ್ಟ್ರು ‘ಚೆನ್ನಾಗಿ ಮಾಡಿದೆ’ ಎಂದು ಒಂದು ದಿನವೂ ಅಂದದ್ದಿಲ್ಲ. ‘ದುರ್ಯೋಧನ, ಮಾತಿನ ಕೊನೇ ಅಕ್ಷರ ನುಂಗ್ತಾ ಇದೀಯ, ಹಿಂದೆ ಕೂತ ಮುದುಕಿಗೆ ಕೇಳಲ್ಲ’ ಅನ್ನುತ್ತಿದ್ದರು. ಪಾತ್ರಧಾರಿಗೆ ಮರುದಿನ ಏನು ಮಾಡಬೇಕು ಅನ್ನುವುದು ತಿಳಿಯುತ್ತಿತ್ತು. ಯಾರಿಗೆ ಕೇಳುವುದಿಲ್ಲ ಅನ್ನುವುದೂ ತಿಳಿಯುತ್ತಿತ್ತು. ನಮ್ಮ ಕಸುಬಿನಲ್ಲಿ ಆ ಹಿಂದೆ ಕೂತ ಮುದುಕಿಯೇ ಮುಖ್ಯ.

ಹಾಗಾಗಿ ಎರಡನೇ ವಾರ ಮಕ್ಕಳಿಗೆ ಅಭಿಪ್ರಾಯ ಕೇಳಲೇ ಇಲ್ಲ. ಒಂದೊಂದು ಕೆಲಸ ಕೊಟ್ಟೆ. ‘ನೀನು ಇಲ್ಲಿ ಓದಿ ಹೋದವನು, ಈಗ ಹೊಸಪೇಟೆಯಲ್ಲಿ ಕೆಲಸ. ಟಿಸಿ ನಕಲು ಬೇಕು. ಈ ಶೀಟಿನ ಮೇಲೆ ಬೆರಳಿಡು, ಎಲ್ಲಿ ಒತ್ತುತ್ತೀಯ?’ ಶೀಟು ಬರೆದ ಗುಂಪಿನವರು ಸುಮ್ಮನೆ ನಿಂತು ನೋಡಬೇಕು. ಬಾಯಿ ಬಿಡುವ ಹಾಗಿಲ್ಲ. ಇದು ಬಹಳ ಕಷ್ಟದ ನಿಯಮ. ‘ಅಲ್ಲಲ್ಲ ಕಣೋ, ಕೆಳಗೆ ನೋಡೋ’ ಎಂದು ಒಬ್ಬ ಕೂಗೇ ಬಿಟ್ಟ. ಸೈಟು ನೋಡುವವನ ಪಕ್ಕದಲ್ಲಿ ನೀನು ಹೋಗಿ ನಿಲ್ಲುವುದಕ್ಕೆ ಆಗುತ್ತದೇನಪ್ಪಾ ಅಂದೆ. ಜೇಕಬ್ ನೀಲ್ಸನ್ ಎಂಬ ತಜ್ಞರು 2000ದಲ್ಲಿ ಬರೆದ ಒಂದು ಲೇಖನ ನಮ್ಮ ಕಸುಬಿನವರೆಲ್ಲ ಓದಿರುತ್ತಾರೆ. ಐದು ಜನರ ಕೈಗೆ ಕೊಟ್ಟು ನೋಡಿದರೆ ದೊಡ್ಡ ತೊಡಕುಗಳಲ್ಲಿ ಹೆಚ್ಚಿನವು ಸಿಕ್ಕಿಬಿಡುತ್ತವೆ ಅನ್ನುವುದು ಅದರ ಸಾರ. ಐದು ಜನ ಎಲ್ಲಿಂದ ತರುವುದು? ಪಕ್ಕದ ಬೆಂಚಿನಲ್ಲೇ ಇದ್ದಾರೆ.

ಟಿಸಿ ಹುಡುಕಿದ ಐವರಲ್ಲಿ ನಾಲ್ವರು ‘ಕಛೇರಿ’ ಅನ್ನುವುದರ ಮೇಲೆ ಬೆರಳಿಟ್ಟರು. ಶೀಟಿನಲ್ಲಿ ಟಿಸಿ ಇದ್ದದ್ದು ‘ವಿದ್ಯಾರ್ಥಿ ಸೇವೆಗಳು’ ಅನ್ನುವುದರೊಳಗೆ. ಯಾರೂ ‘ಚೆನ್ನಾಗಿಲ್ಲ’ ಅನ್ನಲಿಲ್ಲ, ಯಾರೂ ನಗಲಿಲ್ಲ. ಗುಂಪಿನವರೇ ರಬ್ಬರ್ ತೆಗೆದುಕೊಂಡು ಅಳಿಸಿದರು. ಈಗ ಅಲ್ಲಿ ‘ಟಿಸಿ, ಅಂಕಪಟ್ಟಿ ಬೇಕೆ?’ ಎಂದಿದೆ.

ಕೋಳಿ ಕೆದರಿದ ಶೀಟಿನ ಕಥೆ ಹೇಳಬೇಕು. ಆ ಹುಡುಗಿಯ ಶೀಟಿನಲ್ಲಿ ನಿಜವಾಗಿಯೂ ಗೊಂದಲ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಎಡಗಡೆ ಮೂಲೆಯಲ್ಲಿ ಆಕೆ ಒಂದು ಫೋನಿನ ಚಿತ್ರ ಬರೆದು, ಪಕ್ಕದಲ್ಲಿ ಕಿವಿಯ ಚಿತ್ರ ಬರೆದಿದ್ದಳು. ಏನದು ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಎರಡನೇ ವಾರ ಇನ್ನೊಂದು ಗುಂಪಿನ ಹುಡುಗ ಕೇಳಿದ. ಆಕೆ ಹೇಳಿದಳು: ‘ನಮ್ಮಮ್ಮಂಗೆ ಓದಕ್ಕೆ ಬರಲ್ಲ. ಇದನ್ನು ಒತ್ತಿದ್ರೆ ಸ್ಕೂಲಿಗೆ ಫೋನ್ ಹೋಗ್ಬೇಕು. ಇನ್ನೊಂದನ್ನ ಒತ್ತಿದ್ರೆ ಇವತ್ತಿನ ಸುದ್ದಿ ಟೀಚರ್ ದನಿಯಲ್ಲಿ ಕೇಳ್ಬೇಕು.’ ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಶಾಲೆಯ ಸೈಟನ್ನು ನೋಡುವ ತಾಯಿಗೆ ಓದು ಬಾರದೇ ಇರಬಹುದು ಅನ್ನುವುದು ನನಗೆ ಹೊಳೆದಿರಲಿಲ್ಲ. ಒಂದು ನಗುವಿಗೆ ಆ ಯೋಚನೆ ಶಾಶ್ವತವಾಗಿ ಕಳೆದುಹೋಗುತ್ತಿತ್ತು. ಈಗ ಆರೂ ಗುಂಪಿನವರು ಅದನ್ನು ತಮ್ಮ ಶೀಟಿಗೆ ಸೇರಿಸಿಕೊಂಡಿದ್ದಾರೆ. ಕೋಳಿ ಅಂದವನೂ ಸೇರಿಸಿಕೊಂಡ.

ಲಿಜ್ ಲೆರ್ಮನ್ ಎಂಬ ಅಮೆರಿಕದ ನೃತ್ಯಗಾರ್ತಿ ಕಲಾವಿದರಿಗಾಗಿ ಒಂದು ಪದ್ಧತಿ ರೂಪಿಸಿದ್ದಾರೆ. ಅದರಲ್ಲಿ ನನಗೆ ಹಿಡಿಸಿದ್ದು ಇಷ್ಟು. ನೋಡುವವರು ಮೊದಲು ತಮಗೆ ಏನು ಮನಸ್ಸಿಗೆ ನಾಟಿತು ಅನ್ನುವುದನ್ನು ಹೇಳುತ್ತಾರೆ. ಆಮೇಲೆ ಮಾಡಿದವರೇ ಪ್ರಶ್ನೆ ಕೇಳುತ್ತಾರೆ. ನಂತರ ನೋಡುವವರು ಪ್ರಶ್ನೆ ಕೇಳಬಹುದು, ಆದರೆ ಪ್ರಶ್ನೆಯೊಳಗೆ ತೀರ್ಪನ್ನು ಬಚ್ಚಿಡಬಾರದು. ಕೊನೆಗೆ ಸಲಹೆ ಕೊಡಬೇಕೆನಿಸಿದರೆ, ‘ಈ ವಿಷಯಕ್ಕೆ ಒಂದು ಸಲಹೆ ಇದೆ, ಹೇಳಲಾ?’ ಎಂದು ಅನುಮತಿ ಕೇಳಬೇಕು. ಬೇಡ ಅನ್ನುವ ಹಕ್ಕು ಮಾಡಿದವರಿಗೆ ಇದೆ. ಮೂರನೇ ಶನಿವಾರ ಇದನ್ನು ಪ್ರಯತ್ನಿಸಿದೆವು. ‘ಇಷ್ಟೊಂದು ಹಳದಿ ಯಾಕೆ ಬಳಿದಿದ್ದೀರಾ?’ ಅನ್ನುವುದು ಪ್ರಶ್ನೆಯ ವೇಷದ ಬೈಗುಳ. ‘ಹಳದಿ ಬಣ್ಣ ಆರಿಸಿಕೊಂಡಾಗ ಏನು ಯೋಚನೆ ಇತ್ತು?’ ಅನ್ನುವುದು ಪ್ರಶ್ನೆ. ಮಕ್ಕಳು ಇದನ್ನು ಬೇಗ ಹಿಡಿದರು. ಮೇಷ್ಟ್ರುಗಳಿಗೆ, ನನ್ನನ್ನೂ ಸೇರಿಸಿ, ಸ್ವಲ್ಪ ತಡವಾಯಿತು.

ಆ ಹಳದಿಯ ಗುಂಪಿನ ಉತ್ತರ ಸೊಗಸಾಗಿತ್ತು. ‘ಸುವರ್ಣ ಮಹೋತ್ಸವ ಅಲ್ವಾ ಸಾರ್, ಅದಕ್ಕೆ ಚಿನ್ನದ ಬಣ್ಣ.’ ಬಿಳಿಯ ಮೇಲೆ ಹಳದಿ ಅಕ್ಷರ. ಕೇಳಿದ ಹುಡುಗಿ ವಾದಕ್ಕೆ ಹೋಗಲಿಲ್ಲ. ಮೇಷ್ಟ್ರ ಫೋನಿನಲ್ಲಿ ಬಿಳಿ ಹಾಳೆಯ ಮೇಲೆ ಹಳದಿಯಲ್ಲಿ ಶಾಲೆಯ ಹೆಸರು ಬರೆಸಿ, ಎಲ್ಲರನ್ನೂ ಅಂಗಳದ ಬಿಸಿಲಿಗೆ ಕರೆದುಕೊಂಡು ಹೋದಳು. ಏನೂ ಕಾಣಲಿಲ್ಲ. ಇದಕ್ಕೊಂದು ಲೆಕ್ಕವಿದೆ. ಅಕ್ಷರದ ಬಣ್ಣಕ್ಕೂ ಹಿನ್ನೆಲೆಯ ಬಣ್ಣಕ್ಕೂ ಇರುವ ಬೆಳಕಿನ ಅಂತರವನ್ನು ಅಳೆಯುತ್ತಾರೆ. ಬಿಳಿಯ ಮೇಲೆ ಅಚ್ಚ ಕಪ್ಪಾದರೆ 21ಕ್ಕೆ 1. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1 ಬೇಕು ಎಂದು ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಬಿಳಿಯ ಮೇಲೆ ಅಚ್ಚ ಹಳದಿ 1.07 ಮಾತ್ರ. ಕಣ್ಣು ಮಂಜಾದ ತಾತನ ಮಾತು ಹಾಗಿರಲಿ, ಮಕ್ಕಳಿಗೇ ಕಾಣುವುದಿಲ್ಲ. ಗುಂಪಿನವರು ಚಿನ್ನ ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಕಡುಗೆಂಪು ಹಿನ್ನೆಲೆ ಹಾಕಿ ಅದರ ಮೇಲೆ ಹಳದಿ ಬರೆದರು. ಈಗ ದೂರಕ್ಕೂ ಓದಬಹುದು, ಕನ್ನಡ ಬಾವುಟದ ನೆನಪೂ ಬರುತ್ತದೆ.

ಇನ್ನೊಂದು ಗುಂಪಿಗೆ ಓಡುವ ಅಕ್ಷರದ ಹುಚ್ಚು. ಮೇಲೆ ಒಂದು ಸಾಲು ಎಡಕ್ಕೆ ಓಡಬೇಕು, ಕೆಳಗೆ ಒಂದು ಸಾಲು ಬಲಕ್ಕೆ. ಟಿವಿಯಲ್ಲಿ ಓಡುತ್ತದಲ್ಲ ಸಾರ್ ಅನ್ನುವುದು ವಾದ. ಇದಕ್ಕೆ ಅವರ ಗೆಳತಿಯೊಬ್ಬಳು ಚೀಟಿಯಲ್ಲಿ ಬರೆದದ್ದು: ‘ನಾನು ನಿಧಾನ ಓದ್ತೀನಿ. ಅರ್ಧ ಓದೋಷ್ಟರಲ್ಲಿ ಹೋಗ್ಬಿಡುತ್ತೆ.’ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ತಾನಾಗಿ ಓಡುವ ಬರಹವನ್ನು ನಿಲ್ಲಿಸುವ ಉಪಾಯ ನೋಡುಗರ ಕೈಯಲ್ಲಿರಬೇಕು ಎಂದು ಅದೇ ಮಾರ್ಗಸೂಚಿಯಲ್ಲಿದೆ. ಅದನ್ನು ಓದದೆಯೇ ಆ ಹುಡುಗಿ ಬರೆದಳು. ಬಟನ್ನುಗಳ ವಿಷಯದಲ್ಲೂ ಹೀಗೇ. ಸಾಲಾಗಿ ಒತ್ತೊತ್ತಾಗಿ ಬರೆದಿದ್ದ ಪುಟಾಣಿ ಬಟನ್ನುಗಳನ್ನು ನೋಡಿ ಒಬ್ಬ ಹುಡುಗ, ‘ನಮ್ಮಪ್ಪ ಗಾರೆ ಕೆಲಸದವರು, ಅವರ ಹೆಬ್ಬೆಟ್ಟು ಇಟ್ರೆ ಮೂರು ಬಟನ್ ಒಟ್ಟಿಗೆ ಒತ್ತುತ್ತೆ’ ಅಂದ. ಒಂದು ಬಟನ್ ಸುಮಾರು 9 ಮಿಲಿಮೀಟರ್ ಆದರೂ ಇರಲಿ ಎಂದು ಆಂಡ್ರಾಯ್ಡ್ ಫೋನುಗಳ ವಿನ್ಯಾಸಕ್ಕೆ ಗೂಗಲ್ ಹೇಳುತ್ತದೆ. ಸ್ಕೇಲು ಇಟ್ಟು ಅಳೆದು ಮತ್ತೆ ಬರೆದರು.

ಕನ್ನಡದ ಬಗ್ಗೆ ಎರಡು ಮಾತು, ಇದು ನನ್ನ ಸ್ವಂತ ಗೋಳು. ಎಷ್ಟೋ ಕಡೆ ಹಳೆಯ ಅಕ್ಷರ ವಿನ್ಯಾಸದಲ್ಲಿ ಟೈಪ್ ಮಾಡಿದ ಕನ್ನಡವನ್ನು ಹಾಗೇ ತಂದು ಸೈಟಿಗೆ ಹಾಕುತ್ತಾರೆ. ಆ ಫಾಂಟು ಇಲ್ಲದ ಫೋನಿನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಯೂನಿಕೋಡಿನಲ್ಲಿ ಬರೆದರೆ ಎಲ್ಲ ಫೋನಿನಲ್ಲೂ ಓದಬಹುದು, ಹುಡುಕಿದರೂ ಸಿಗುತ್ತದೆ. ಇನ್ನೊಂದು, ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ, ಗುಡಿಸುಗಳು ಮೇಲೆ ಏರುತ್ತವೆ. ಇಂಗ್ಲಿಷಿಗೆ ಇಡುವಷ್ಟೇ ಜಾಗವನ್ನು ಸಾಲುಗಳ ನಡುವೆ ಇಟ್ಟರೆ ಮೇಲಿನ ಸಾಲಿನ ಕಾಲು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಇದನ್ನು ಕನ್ನಡ ಟೀಚರ್ ಹೇಳಿಕೊಟ್ಟರು, ನಾನಲ್ಲ. ಕಾಪಿಪುಸ್ತಕ ತಿದ್ದಿ ತಿದ್ದಿ ಅವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಎಲ್ಲವೂ ಒಪ್ಪಿಗೆಯಲ್ಲಿ ಮುಗಿಯಿತು ಅಂದುಕೊಳ್ಳಬೇಡಿ. ಒಂದು ಗುಂಪಿನವರು ಮೊದಲ ಪುಟದಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಪಡೆದವರ ಫೋಟೋ, ಹೆಸರು, ಅಂಕ, ಊರು, ತಂದೆಯ ಫೋನ್ ನಂಬರು ಎಲ್ಲ ಇಟ್ಟಿದ್ದರು. ಮಡಚಿದ ಚೀಟಿಯೊಂದು ಬಂತು, ಹೆಸರಿರಲಿಲ್ಲ: ‘ಕಡಿಮೆ ಮಾರ್ಕ್ಸ್ ಬಂದವರು ಈ ಪೇಜಲ್ಲಿ ಏನು ನೋಡಬೇಕು?’ ಕೊಠಡಿ ತಣ್ಣಗಾಯಿತು. ಗುಂಪಿನ ನಾಯಕಿ ಸ್ವಲ್ಪ ಹೊತ್ತು ಬಿಟ್ಟು, ‘ನಮ್ಮಕ್ಕ ಓದಿ ತೆಗೆದಿರೋ ಮಾರ್ಕ್ಸು, ಅದನ್ನ ತೋರಿಸಿದರೆ ತಪ್ಪಾ?’ ಅಂದಳು. ಅದೂ ನಿಜವೇ. ಮನೆಯಲ್ಲಿ ಮೊದಲ ಬಾರಿಗೆ ಹತ್ತನೇ ತರಗತಿ ದಾಟಿದ ಹುಡುಗಿಯ ಫೋಟೋ ಅದು. ಅರ್ಧ ಗಂಟೆ ಚರ್ಚೆಯಾಯಿತು. ಫೋನ್ ನಂಬರು ಮತ್ತು ಊರನ್ನು ತೆಗೆದರು. ಅದು ಆಯ್ಕೆಯ ಮಾತೂ ಅಲ್ಲ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರ ವಿವರ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು ಇದೆ. ಫೋಟೋ ಹಾಕುವುದಿದ್ದರೆ ಮನೆಯವರನ್ನು ಕೇಳಿಯೇ ಹಾಕುವುದು ಎಂದು ತೀರ್ಮಾನವಾಯಿತು. ಆದರೆ ಫೋಟೋಗಳು ಮೊದಲ ಪುಟದಲ್ಲೇ ಇರಬೇಕೆಂದು ಗುಂಪು ಹಟ ಹಿಡಿಯಿತು. ನಾನಾಗಿದ್ದರೆ ಒಳಪುಟಕ್ಕೆ ಕಳಿಸುತ್ತಿದ್ದೆ. ಅವರು ಕಳಿಸಲಿಲ್ಲ. ಅದರ ಪಕ್ಕದಲ್ಲೇ, ಅಷ್ಟೇ ದೊಡ್ಡ ಜಾಗದಲ್ಲಿ, ಖೋ ಖೋ ತಂಡ, ತೋಟ ಮಾಡಿದವರು, ಬಿಸಿಯೂಟದ ಅಡುಗೆಯವರು ಬಂದಿದ್ದಾರೆ. ಚೀಟಿ ಬರೆದವರಿಗೆ ಅದು ಸಾಕಾಯಿತೋ ಇಲ್ಲವೋ, ಹೆಸರೇ ಇಲ್ಲದ ಮೇಲೆ ಕೇಳುವುದು ಯಾರನ್ನು?

ಗುರುಗಳಲ್ಲಿ ಒಬ್ಬರು ನನ್ನನ್ನು ಕೇಳಿದರು, ‘ಹೀಗೆ ಮೆತ್ತಗೆ ಮಾತಾಡೋದು ಕಲಿಸಿದ್ರೆ ಮಕ್ಕಳು ನಾಳೆ ಹೊರಗೆ ಪೆಟ್ಟು ತಡ್ಕೋತಾರೇನಪ್ಪಾ?’ ನಿಜವಾದ ಪ್ರಶ್ನೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದೊಡ್ಡ ಕೆಲಸ ಮಾಡಿ ತೋರಿಸಿದಾಗ ಸಹೋದ್ಯೋಗಿಗಳೆಲ್ಲ ‘ನೈಸ್, ನೈಸ್’ ಅಂದರು. ಫಾರಂ ತುಂಬಿ ಕೊನೆಯ ಪುಟಕ್ಕೆ ಹೋದರೆ ಹಿಂದೆ ಬರಲು ದಾರಿಯೇ ಇರಲಿಲ್ಲ. ಒಬ್ಬರಿಗೆ ಅದು ಕಂಡಿತ್ತಂತೆ, ನನಗೆ ಬೇಜಾರಾದೀತು ಎಂದು ಹೇಳಲಿಲ್ಲವಂತೆ. ಸೈಟು ಜನರ ಕೈಗೆ ಹೋದ ಮೇಲೆ ಮೂರು ರಾತ್ರಿ ಕೂತು ಸರಿಮಾಡಿದೆ. ಆ ಮನುಷ್ಯನ ಒಳ್ಳೆಯತನದಿಂದ ನನಗೆ ಆದ ನಷ್ಟ, ನನ್ನ ಕುಹಕದಿಂದ ನನ್ನ ಗೆಳೆಯನಿಗೆ ಆದ ನಷ್ಟಕ್ಕಿಂತ ಕಡಿಮೆ ಎಂದು ಒಪ್ಪುತ್ತೇನೆ. ಆದರೂ ನಷ್ಟ ನಷ್ಟವೇ. ಗಾರೆ ಕೆಲಸದವರ ಮಗ ಹೆಬ್ಬೆಟ್ಟಿನ ಮಾತು ಆಡಿದಾಗ ಆ ಗುಂಪು ಎರಡು ದಿನದ ಕೆಲಸ ಅಳಿಸಬೇಕಾಯಿತು. ಮೆತ್ತಗಿನ ಮಾತೇ, ಪೆಟ್ಟು ಮಾತ್ರ ಸರಿಯಾಗಿಯೇ ಬಿತ್ತು ಸಾರ್.

ನಾಲ್ಕನೇ ಶನಿವಾರ ಈ ಆನೆಯ ಗೆಳೆಯನನ್ನೂ ಕರೆದುಕೊಂಡು ಹೋಗಿದ್ದೆ. ಬರಲು ಒಲ್ಲೆ ಅಂದ, ಎಳೆದುಕೊಂಡೇ ಹೋದೆ. ಒಂದು ಶೀಟಿನಲ್ಲಿ ಶಾಲೆಯ ಮುಂಭಾಗದ ಚಿತ್ರ ಇತ್ತು, ಹೊಂಗೆ ಮರದ ಸಮೇತ. ಬಹಳ ಹೊತ್ತು ನೋಡಿ, ಬರೆದ ಹುಡುಗನನ್ನು ಕರೆದು ಹೇಳಿದ: ‘ಮರದ ಕಾಂಡ ಚೆನ್ನಾಗಿ ಹಿಡಿದಿದ್ದೀಯ, ಆ ಗಂಟು ಸಮೇತ ಬಂದಿದೆ. ನೆರಳು ಮಾತ್ರ ಬಾಗಿಲ ಕಡೆ ಬಿದ್ದಿದೆ. ಬೆಳಿಗ್ಗೆ ಪ್ರಾರ್ಥನೆ ಹೊತ್ತಲ್ಲಿ ಅದು ಬಾವಿ ಕಡೆ ಬೀಳುತ್ತೆ. ನಾಳೆ ನಿಂತು ನೋಡು.’ ಹುಡುಗ ಸೋಮವಾರ ಪ್ರಾರ್ಥನೆಯ ಹೊತ್ತಿನಲ್ಲಿ ನೋಡಿ ತಿದ್ದಿದ್ದಾನೆ.

ಆರೂ ಶೀಟುಗಳನ್ನು ಎಂಟನೇ ತರಗತಿ ‘ಬಿ’ ಕೊಠಡಿಯಲ್ಲಿ ತೂಗುಹಾಕಿದ್ದೇವೆ. ಪ್ರತಿ ಶೀಟಿನ ಕೆಳಗೆ ಆ ಗುಂಪಿನವರೇ ಒಂದು ಪ್ರಶ್ನೆ ಬರೆದಿದ್ದಾರೆ, ಪಕ್ಕದಲ್ಲಿ ಚೀಟಿ, ಪೆನ್ಸಿಲ್ ಇವೆ. ಬರೆಯಲು ಬಾರದ ಹಿರಿಯರು ಬಾಯಲ್ಲಿ ಹೇಳಿದರೆ ಮಕ್ಕಳು ಬರೆದುಕೊಳ್ಳುತ್ತಾರೆ. ಇವುಗಳಿಂದ ಒಂದನ್ನು ಆರಿಸುವುದಿಲ್ಲ, ಆರರಿಂದಲೂ ತೆಗೆದುಕೊಂಡು ಒಂದು ಕಟ್ಟುತ್ತೇವೆ. ಹಾಗಾಗಿ ಇದು ಸ್ಪರ್ಧೆಯಲ್ಲ, ಬಹುಮಾನವೂ ಇಲ್ಲ. ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆಯಂತೆ, ಹೋಗಿ ನೋಡಿ ಬನ್ನಿ. ‘ಚೆನ್ನಾಗಿದೆ’ ಎಂದು ಬರೆದ ಚೀಟಿಗಳನ್ನು ಮಕ್ಕಳು ಬೇರೆ ಡಬ್ಬಕ್ಕೆ ಹಾಕುತ್ತಾರೆ ಎಂದು ಮೊದಲೇ ಹೇಳಿಬಿಟ್ಟಿರುತ್ತೇನೆ.